ಎರಡು ಬೆರಳು ಮೇಲೆ

೯ ಜೂನ್ ೧೯೮೮, ಗುರುವಾರ

ಇ.ಸಿ.ಜಿ. ಯಂತ್ರ ಬಂದಿತು. ಕಂದು ಬಣ್ಣದ ಪೆಟ್ಟಿಗೆ, ಮೇಲೆ ಹಿಡಿಕೆ. ಕೂಸುಗಳನ್ನು ತೂಗುವ ತಕ್ಕಡಿಯಲ್ಲಿಟ್ಟು ನೋಡಿದೆ: ಆರು ಕಿಲೋ ಇನ್ನೂರು ಗ್ರಾಂ. ಬ್ಯಾಟರಿಯ ಮೇಲೂ ನಡೆಯುತ್ತದೆ. ಇನ್ನು ಯಾರಾದರೂ ಎದೆನೋವೆಂದು ಹೇಳಿ ಕಳಿಸಿದರೆ ಇದನ್ನು ಜೀಪಿನಲ್ಲಿ ಒಯ್ದು, ರೋಗಿ ಮಲಗಿದಲ್ಲಿಯೇ ಗುಂಡಿಗೆಯ ಗೆರೆ ತೆಗೆಯಬಹುದು. ಗೆರೆ ಕೆಟ್ಟಿದ್ದರೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಒಯ್ಯುವುದು. ಸರಿಯಿದ್ದರೆ ಅಷ್ಟು ದೂರ ಓಡುವ ಕೆಲಸವಿಲ್ಲ. ಕುಂದಗೋಳದ ಈ ದುಂಡವ್ವ ಸ್ಮಾರಕ ಧರ್ಮಾರ್ಥ ದವಾಖಾನೆಯಲ್ಲಿ ನಾನು ಕಂಪೌಂಡರ್ ಆಗಿ ಇಪ್ಪತ್ತೆರಡು ವರ್ಷವಾಯಿತು. ಇಂಥ ವಸ್ತು ಬಂದದ್ದು ಇದೇ ಮೊದಲು.

ಕಲಿಯಲು ನನ್ನನ್ನೇ ಹುಬ್ಬಳ್ಳಿಗೆ ಮೂರು ದಿನ ಕಳಿಸಿದ್ದರು. ಕೈಕಾಲಿಗೆ ನಾಲ್ಕು ಪಟ್ಟಿ. ಎದೆಗೆ ರಬ್ಬರ್ ಬುಡ್ಡೆಯಿರುವ ಲೋಹದ ಬಟ್ಟಲು. ಬುಡ್ಡೆ ಒತ್ತಿ ಬಿಟ್ಟರೆ ಬಟ್ಟಲು ಚರ್ಮವನ್ನು ಹಿಡಿದುಕೊಳ್ಳುತ್ತದೆ. ಪಕ್ಕೆಲುಬು ಎಣಿಸಿ, ಎದೆಯ ಮೇಲೆ ಆರು ಜಾಗಗಳಲ್ಲಿ ಒಂದಾದ ಮೇಲೊಂದರಂತೆ ಅದನ್ನು ಇಡಬೇಕು. ಅಲ್ಲಿ ಒಬ್ಬ ಆಳಿನ ಬರಿ ಎದೆಯ ಮೇಲೆ ಕಲಿತೆ. ನನ್ನ ಕೈ ನಡುಗುವುದಿಲ್ಲವೆಂದು ಹೇಳಿದರು.

ಪೆಟ್ಟಿಗೆಗೆ ಎರಡು ಕೀಲಿಕೈ. ಒಂದು ನನ್ನ ಹತ್ತಿರ, ಇನ್ನೊಂದು ಜೀಪಿನ ಡ್ರೈವರ್ ಅಬ್ದುಲ್‌ಸಾಬನ ಹತ್ತಿರ. ಕರೆ ಬಂದಾಗ ಹುಡುಕುತ್ತ ಕೂಡ್ರಬಾರದೆಂದು ಡಾಕ್ಟರು ಹಾಗೆ ಮಾಡಿದರು. ನನಗೆ ಸರಿ ಕಾಣಲಿಲ್ಲ, ಹೇಳಿದೆ. ಡಾಕ್ಟರು ಮೂವತ್ತು ದಾಟದ ಹುಡುಗ. ನಕ್ಕು, “ಶಂಭುಲಿಂಗಪ್ಪ ಅವರ, ಅದು ಎದಿ ನೋಡೂ ಮಶೀನು, ತಿಜೋರಿ ಅಲ್ಲ,” ಎಂದರು.

ಪರೀಕ್ಷೆಗೆಂದು ಮೊದಲು ಡ್ರೈವರನ ಚಿತ್ರವನ್ನೇ ತೆಗೆದೆ. ಅಚ್ಚು ಹಾಕಿದಂತೆ ಬಂತು. ಆತ ಪಟ್ಟಿಯನ್ನು ಹಿಡಿದು, “ನಲವತ್ತ ವರ್ಷದ ಬದುಕು, ಒಂದ ಮೊಳದಾಗ ಮುಗೀತೇನ್ರಿ?” ಎನ್ನುತ್ತ ಕಿಸೆಗೆ ಹಾಕಿಕೊಳ್ಳಲು ಹೋದ. ಈಸಿಕೊಂಡು ಫೈಲಿಗೆ ಹಚ್ಚಿದೆ.

ಪ್ರತಿ ಸಲ ಮೊದಲು ಒಂದು ಗುಂಡಿ ಒತ್ತಬೇಕು. ಕಾಗದದ ಚೌಕುಳಿಯ ಮೇಲೆ ಮೆಟ್ಟಿಲಿನಂಥ ಗೆರೆ ಬೀಳುತ್ತದೆ. ಅದರ ಎತ್ತರ ಹತ್ತು ಮನೆ ಇದ್ದರೆ ಯಂತ್ರ ಸರಿಯಿದೆ ಎಂದರ್ಥ. ಇದೇನೆಂದು ಡ್ರೈವರ ಕೇಳಿದ, ಹೇಳಿದೆ. ಹೇಳಬಾರದಿತ್ತು. ಒಂಬತ್ತು ವರ್ಷದಿಂದ ಇಲ್ಲಿದ್ದಾನೆ. ಆತ ತಪ್ಪು ಮಾಡಿದ್ದನ್ನು ನಾನು ಕಂಡಿಲ್ಲ. ಕಂಡಿಲ್ಲ ಅಷ್ಟೇ.

೧೭ ಜೂನ್, ಶುಕ್ರವಾರ

ಮೊದಲ ಕರೆ, ಕುಬಿಹಾಳದಿಂದ. ಈರಸಂಗಪ್ಪ ಯಜಮಾನರು, ಅರವತ್ತೆಂಟು ವರ್ಷ. ಶೇಂಗಾ ಬಿತ್ತುವಾಗ ಹೊಲದಲ್ಲಿ ತಲೆ ತಿರುಗಿ ಕೂತುಬಿಟ್ಟಿದ್ದರು. ಪಡಸಾಲೆಯಲ್ಲಿ ಮಲಗಿಸಿ ಅಂಗಿ ಬಿಚ್ಚಿಸಿದೆ. ಎದೆಯ ನಡುವೆ ಬೆಳ್ಳಿಯ ಗುಂಡಗಡಗಿ, ಒಳಗೆ ಇಷ್ಟಲಿಂಗ. ನನ್ನ ಕೊರಳಲ್ಲೂ ಇರುವಂಥದ್ದೇ. ಅದು ಪರರು ಮುಟ್ಟುವ ವಸ್ತುವಲ್ಲ. ಜೀವವಿರುವ ತನಕ ಮೈಯಿಂದ ಬೇರೆ ಮಾಡುವಂಥದ್ದೂ ಅಲ್ಲ. ಎದೆಯ ಮೊದಲ ಮೂರು ಜಾಗಗಳು ಸರಿಯಾಗಿ ಅದರ ಕೆಳಗೇ ಬರುತ್ತಿದ್ದವು. ತಾಗಬಾರದೆಂದು ಬಟ್ಟಲನ್ನು ಎರಡು ಬೆರಳು ಮೇಲೆ ಇಟ್ಟೆ. ಯಜಮಾನರು ನನ್ನ ಮುಖ ನೋಡಿ, ತಿಳಿದವರು ಎಂದರು.

ಗೆರೆ ಚೆನ್ನಾಗಿರಲಿಲ್ಲ. ಗುಂಡಿಗೆಯ ಮುಂಭಾಗಕ್ಕೆ ಯಾವಾಗಲೋ ಪೆಟ್ಟಾಗಿದೆ ಎಂದು ಡಾಕ್ಟರು ಓದಿದರು. ಅದೇ ಜೀಪಿನಲ್ಲಿ ಹುಬ್ಬಳ್ಳಿಗೆ ಕಳಿಸಿದೆವು.

೨೧ ಜೂನ್, ಮಂಗಳವಾರ

ಈರಸಂಗಪ್ಪನವರು ವಾಪಸು ಬಂದರು. ಹುಬ್ಬಳ್ಳಿಯಲ್ಲಿ ಮತ್ತೆ ಚಿತ್ರ ತೆಗೆದರಂತೆ. ಏನೂ ಇಲ್ಲ. ಬಿಸಿಲಿನ ತಲೆಸುತ್ತು.

ಅಷ್ಟರಲ್ಲಿ ಯಜಮಾನರು ಉಳಿಯುವುದಿಲ್ಲವೆಂದು ಸುದ್ದಿ ಹೋಗಿ ನಾಲ್ಕೂರ ಬೀಗರು ಬಂದಿಳಿದಿದ್ದಾರೆ. ಅಳಲು ಬಂದವರು ಹೋಳಿಗೆ ಉಂಡು ಹೋದರು ಎಂದು ಕುಬಿಹಾಳದ ಕಟ್ಟೆಯ ಮೇಲೆ ನಗೆಯಂತೆ. ಶಂಕ್ರಪ್ಪ ಎಂಬ ರೈತ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ನಿಲ್ಲಿಸಿ, “ನಮ್ಮತ್ತಿ ಬಂದ ಬಾಳ ದಿನಾ ಆತು, ನನಗೂ ಒಂದ ಚಿತ್ರ ತಗೀರಿ, ಓಡಿ ಬರತಾಳ,” ಎಂದ. ನಾನು ನಗಲಿಲ್ಲ.

ಯಂತ್ರವೇಕೆ ಸುಳ್ಳು ಹೇಳಿತು? ಹೋಗುವಾಗ ಅದು ಡ್ರೈವರನ ಬಾಜು ಸೀಟಿನ ಮೇಲಿತ್ತು. ನಾನು ಹಿಂದೆ ಕೂತಿದ್ದೆ.

೨೭ ಜೂನ್, ಸೋಮವಾರ

ಈ ವಾರ ಎರಡು ಚಿತ್ರ. ನಮ್ಮ ಪೇಟೆಯ ಫಾತಿಮಾಬಿ: ಗೆರೆ ಸರಿ, ವಾಯು, ಮನೆಗೆ ಕಳಿಸಿದೆವು, ಆರಾಮಿದ್ದಾಳೆ. ಹಮಾಲ ಹನಮಪ್ಪ: ಗೆರೆ ಕೆಟ್ಟಿತ್ತು. ಹುಬ್ಬಳ್ಳಿಯವರು ಯಂತ್ರ ಹೇಳಿದ್ದೇ ನಿಜವೆಂದರು, ಸಮಯಕ್ಕೆ ತಂದಿರಿ ಎಂದರು. ಉಳಿದ.

ಹಾಗಾದರೆ ಯಂತ್ರ ಒಮ್ಮೆ ನಿಜ, ಒಮ್ಮೆ ಸುಳ್ಳು. ಕೆಟ್ಟ ಯಂತ್ರ ಯಾವಾಗಲೂ ಕೆಟ್ಟಿರಬೇಕಲ್ಲ. ಮನಸ್ಸಿಗೆ ಬಂದಾಗ ಕೆಡುವುದು ಮನುಷ್ಯರ ಲಕ್ಷಣ. ಯಾರೋ ಕೈ ಹಾಕುತ್ತಿದ್ದಾರೆ.

೪ ಜುಲೈ, ಸೋಮವಾರ

ಮತ್ತೆ ಸುಳ್ಳು. ರೇವವ್ವ, ದೊಡ್ಡ ಮನೆತನದ ಹೆಣ್ಣುಮಗಳು, ಐವತ್ತೈದು. ಹೆಂಗಸರಿಗೆ ನರ್ಸ್ ತಾಯವ್ವ ಪರದೆಯ ಒಳಗೆ ಬಟ್ಟಲು ಇಡುತ್ತಾಳೆ. ನಾನು ಹೊರಗೆ ಯಂತ್ರ ನಡೆಸುತ್ತೇನೆ. ತಾಯವ್ವನಿಗೆ ಕಲಿಸಿದವನು ನಾನೇ, ತಪ್ಪುವ ಮಾತಿಲ್ಲ. ಈರಸಂಗಪ್ಪನವರದೇ ಗೆರೆ ಮತ್ತೆ ಬಂತು. ಹುಬ್ಬಳ್ಳಿಯಲ್ಲಿ ಏನೂ ಇಲ್ಲವೆಂದರು. ಆಕೆಯ ಮಗ ಇವತ್ತು ಬಂದು, ನಮ್ಮವ್ವನನ್ನು ಜೀವಂತ ಹೂಳಲು ಹೊರಟಿದ್ದೀರಿ ಎಂದು ಎಲ್ಲರೆದುರು ಕೂಗಾಡಿದ. ಡಾಕ್ಟರು ತಲೆ ತಗ್ಗಿಸಿ ಕೇಳಿದರು.

ಜೀಪಿನ ಕುಲುಕಾಟಕ್ಕೆ ಒಳಗೆ ಏನೋ ಸಡಿಲಾಗಿರಬೇಕು ಎಂದು ಡಾಕ್ಟರ ಅಂದಾಜು. ಜೀಪಿನಲ್ಲಿ ಇಣುಕಿ ನೋಡಿದೆ. ಡ್ರೈವರ ಪೆಟ್ಟಿಗೆಯನ್ನು ಹಳೆಯ ಕೌದಿಯಲ್ಲಿ ಸುತ್ತಿಟ್ಟಿದ್ದ. ತನ್ನ ಹೆಂಡತಿ ರಾಜಮಾಬಿ ಹೊಲಿದದ್ದು, ಕುಲುಕಬಾರದೆಂದು ಸುತ್ತಿದ್ದೇನೆ ಎಂದ. ಕೇಳದೆಯೇ ಕಾರಣ ಹೇಳಿದ.

೬ ಜುಲೈ, ಬುಧವಾರ

ಕಾಗದದ ಸುರುಳಿಯನ್ನು ಅಳೆದೆ. ಇದುವರೆಗೆ ತೆಗೆದ ಚಿತ್ರಗಳೆಲ್ಲ ಫೈಲಿನಲ್ಲಿವೆ. ಅವನ್ನು ಕೂಡಿಸಿ, ಉಳಿದ ಸುರುಳಿಯನ್ನು ಬಿಚ್ಚಿ ಅಳೆದು, ಹೊಸ ಸುರುಳಿಯ ಉದ್ದಕ್ಕೆ ಹೋಲಿಸಿದೆ. ಸುಮಾರು ಮೂರು ಮೊಳ ಕಾಗದ ಇಲ್ಲ.

ಯಾರಿಗೂ ಹೇಳಿಲ್ಲ. ಮಲ್ಲಕ್ಕನಿಗೆ ಮಾತ್ರ ಹೇಳಿದೆ. “ಮೂರ ಮೊಳ ಹಾಳ್ಯಾಗ ಏನ ಅಂಗಿ ಹೊಲಿಸತಾನೇನ್ರಿ ಅಂವ?” ಎಂದಳು. ಹೆಂಡತಿಯಾದರೂ ಕೆಲವು ವಿಷಯ ಆಕೆಗೆ ತಿಳಿಯುವುದಿಲ್ಲ.

೮ ಜುಲೈ, ಶುಕ್ರವಾರ

ಬೆಳಿಗ್ಗೆ ಎಂಟಕ್ಕೆ, ಯಾರೂ ಬರುವ ಮೊದಲು, ಡ್ರೈವರ ಜೀಪಿನಲ್ಲಿ ಪೆಟ್ಟಿಗೆ ತೆರೆದು ಕೂತದ್ದನ್ನು ಔಷಧದ ಕಿಟಕಿಯಿಂದ ಕಂಡೆ. ಗುಂಡಿ ಒತ್ತಿದ. ಕಾಗದ ಹರಿದ. ಬೆಳಕಿಗೆ ಹಿಡಿದು ನೋಡಿದ. ಮಡಚಿ ಎಲ್ಲಿಯೋ ಇಟ್ಟ.

ಒಳಗೆ ಕರೆದು ಡಾಕ್ಟರ ಎದುರು ಕೇಳಿದೆ. ತೆರೆದದ್ದನ್ನು ಒಪ್ಪಿದ. “ಸರಿ ಐತೋ ಇಲ್ಲೋ ಅಂತ ನೋಡತಿದ್ನಿರಿ, ಹತ್ತ ಮನಿ ಬರತೈತೋ ಇಲ್ಲೋ ಅಂತ. ಬ್ಯಾರೆ ಏನಿಲ್ಲರಿ,” ಎಂದ. ಯಂತ್ರ ನೋಡುವ ಕೆಲಸ ನಿನ್ನದೇ ಎಂದು ಕೇಳಿದೆ.

ದವಾಖಾನೆ ನಡೆಸುವ ಕಮಿಟಿಯ ಚೇರಮನ್ನರಿಗೆ ಪತ್ರ ಬರೆದೆ. ಅಪ್ಪಣೆಯಿಲ್ಲದೆ ಯಂತ್ರ ತೆರೆದದ್ದು, ಕಾಗದ ಕಡಿಮೆಯಾದದ್ದು, ಎರಡು ಸುಳ್ಳು ಚಿತ್ರ. ಡ್ರೈವರನೇ ಕೆಡಿಸಿದ ಎಂದು ಎಲ್ಲಿಯೂ ಬರೆಯಲಿಲ್ಲ. ಓದಿದವರಿಗೆ ಅಷ್ಟು ತಿಳಿಯುತ್ತದೆ. ಮೂವತ್ತೊಂದಕ್ಕೆ ಸಭೆ, ಆತನನ್ನು ಇಟ್ಟುಕೊಳ್ಳುವುದೋ ಬಿಡುವುದೋ ಅಲ್ಲಿ ತೀರ್ಮಾನ. ಅಲ್ಲಿಯ ತನಕ ಎರಡೂ ಕೀಲಿಕೈ ನನ್ನ ಹತ್ತಿರ. ಆತ ತನ್ನ ಕೀಲಿಕೈಯನ್ನು ಮೇಜಿನ ಮೇಲೆ ಇಡಲಿಲ್ಲ. ನನ್ನ ಕೈಯಲ್ಲಿಯೇ ಕೊಟ್ಟ.

ಪತ್ರ ಹಾಕಿದ ಮೇಲೆ ನಾನೂ ಗುಂಡಿ ಒತ್ತಿ ನೋಡಿದೆ. ಹತ್ತು ಮನೆ ಬಂತು. ಅದರಿಂದ ಏನೂ ಸಿದ್ಧವಾಗುವುದಿಲ್ಲ. ಕೆಡಿಸುವವನು ಅಷ್ಟೊಂದನ್ನು ಸರಿಯಾಗಿ ಇಟ್ಟಿರಬಹುದು.

೧೮ ಜುಲೈ, ಸೋಮವಾರ

ಎಲ್ಲವನ್ನೂ ಬರೆದಿಡುತ್ತೇನೆ.

೧೧-೧೫. ಕುಬಿಹಾಳದ ಶಂಕ್ರಪ್ಪ ನಡೆದುಕೊಂಡೇ ಬಂದ. ನಲವತ್ತಾರು ವರ್ಷ. ಔಷಧ ಹೊಡೆಯುವ ಪಂಪು ರಿಪೇರಿಗೆ ಕೊಟ್ಟು, ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ತಿಂದಿದ್ದ. ಎದೆಯಲ್ಲಿ ಉರಿ, ಎಡಭುಜ ಜಡ. ಬೆವರಿದ್ದ. ಆದರೂ ಮಲಗುತ್ತ, “ತಗೀರಿ ಚಿತ್ರ, ಅತ್ತಿ ಬರಲಿ,” ಎಂದ.

೧೧-೨೫. ಚಿತ್ರ ತೆಗೆದೆ. ಯಂತ್ರವನ್ನು ನನ್ನ ಕಪಾಟಿನಿಂದ ನಾನೇ ತಂದಿದ್ದೆ. ಮೆಟ್ಟಿಲು ಹತ್ತು ಮನೆ. ಲಿಂಗಕ್ಕೆ ತಾಗದಂತೆ ಎಂದಿನ ಹಾಗೆ ಇಟ್ಟೆ. ಮತ್ತೆ ಅದೇ ಗೆರೆ.

ಡಾಕ್ಟರು ನೋಡಿ ಪಟ್ಟಿಯನ್ನು ಮೇಜಿನ ಮೇಲೆ ಒಗೆದರು. ಮತ್ತ ಅದ ಚಿತ್ರ, ಎಂದರು. ಮೂರನೆಯ ಸಲ ಹುಬ್ಬಳ್ಳಿಯವರ ನಗೆಗೆ ಈಡಾಗಲಾರೆ ಎಂದರು. ಉರಿಗೆ ಔಷಧ ಕೊಟ್ಟು, ಪಡಸಾಲೆಯ ಕಟ್ಟಿಗೆಯ ಬಾಕಿನ ಮೇಲೆ ಕೂಡ್ರಿಸಲು ಹೇಳಿದರು. ನಾನು ಕೂಡ್ರಿಸಿದೆ.

೧-೪೦. ಶಂಕ್ರಪ್ಪ ಬಾಕಿನಿಂದ ಕೆಳಗೆ ಬಿದ್ದ. ಡಾಕ್ಟರು ಊಟಕ್ಕೆ ಹೋಗಿದ್ದರು. ನಾನು ಅವರಿಗೆ ಹೇಳಿ ಕಳಿಸುವುದರೊಳಗೆ ಅಬ್ದುಲ್‌ಸಾಬ ಆತನನ್ನು ಎರಡೂ ಕೈಯಲ್ಲಿ ಎತ್ತಿ ಜೀಪಿನಲ್ಲಿ ಹಾಕಿದ. ಡಾಕ್ಟರ ಚೀಟಿ ಇಲ್ಲದೆ ಜೀಪು ತೆಗೆಯುವಂತಿಲ್ಲ ಎಂದೆ. ಬೇಕಾದರೆ ಇದನ್ನೂ ಪತ್ರದಲ್ಲಿ ಬರೆಯಿರಿ ಎಂದು ಹೇಳಿ ಹೊರಟ. ತಾಯವ್ವ ಹಿಂದೆ ಹತ್ತಿದಳು.

ಹುಬ್ಬಳ್ಳಿ ದಾರಿಯ ರೈಲ್ವೆ ಗೇಟು ಹನ್ನೆರಡು ನಿಮಿಷ ಮುಚ್ಚಿತ್ತಂತೆ.

೧೯ ಜುಲೈ

ಶಂಕ್ರಪ್ಪ ನಿನ್ನೆ ನಾಲ್ಕೂವರೆಗೆ ತೀರಿಕೊಂಡ. ಎರಡು ತಾಸು ಮೊದಲು ತಂದಿದ್ದರೆ ನೋಡಬಹುದಿತ್ತು ಎಂದರಂತೆ.

೨೧ ಜುಲೈ, ಗುರುವಾರ

ಡಾಕ್ಟರು ರಜೆಯ ಅರ್ಜಿ ಬರೆದು ಹರಿದರು.

ಕುಬಿಹಾಳದಲ್ಲಿ ಜೀಪಿನ ಮುಂದಿನ ಗಾಜು ಒಡೆದರು. ಅಬ್ದುಲ್‌ಸಾಬ ಬಾಣಂತಿಯೊಬ್ಬಳನ್ನು ಮನೆಗೆ ಮುಟ್ಟಿಸಲು ಹೋಗಿದ್ದ. ಆತ ಯಂತ್ರ ಕೆಡಿಸಿದ್ದಕ್ಕೇ ಶಂಕ್ರಪ್ಪ ಸತ್ತನೆಂದು ಊರ ತುಂಬ ಮಾತು. ಪತ್ರದ ವಿಷಯ ಹೊರಗೆ ಹೇಗೆ ಹೋಯಿತೋ ತಿಳಿಯದು. ನಾನು ಹೇಳಿದ್ದು ನಾಲ್ಕೈದು ಜನಕ್ಕೆ ಮಾತ್ರ.

ಆತನ ಹುಬ್ಬಿನ ಮೇಲೆ ಗಾಜು ತಾಗಿತ್ತು. ನಾನೇ ಔಷಧ ಹಚ್ಚಿದೆ. ಆತ ಕಣ್ಣು ಮುಚ್ಚಿಕೊಂಡಿದ್ದ. ಏನೂ ಅನ್ನಲಿಲ್ಲ. ಅಪರಾಧಿಗಳು ಸುಮ್ಮನಿರುತ್ತಾರೆ. ನಿರಪರಾಧಿಗಳೂ ಇರಬಹುದು.

೨೩ ಜುಲೈ, ಶನಿವಾರ

ಯಂತ್ರ ಕೆಟ್ಟಿದೆಯೆಂದು ಸಭೆಯಲ್ಲಿ ತೋರಿಸಲು ಸಾಕ್ಷಿ ಬೇಕು. ನನಗೆ ಯಾವ ಜಡ್ಡೂ ಇಲ್ಲ; ನನ್ನ ಚಿತ್ರ ಕೆಟ್ಟು ಬಂದರೆ ಯಂತ್ರ ಕೆಟ್ಟಿದೆ ಎಂದೇ ಅರ್ಥ. ಮಧ್ಯಾಹ್ನ ಮಲಗಿ ತಾಯವ್ವನಿಗೆ ತೆಗೆಯಲು ಹೇಳಿದೆ. ಲಿಂಗಕ್ಕೆ ತಾಗದಂತೆ ಎಚ್ಚರದಿಂದ ಇಟ್ಟಳು. ಒಳ್ಳೆಯ ಕೈ.

ಅದೇ ಗೆರೆ. ಈರಸಂಗಪ್ಪ, ರೇವವ್ವ, ಶಂಕ್ರಪ್ಪ, ನಾನು.

ಸಾಕ್ಷಿ ಸಿಕ್ಕಿತಲ್ಲ, ಸಮಾಧಾನವಾಗಬೇಕಿತ್ತು. ಡಾಕ್ಟರು ಪಟ್ಟಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದರು. ಸೋಮವಾರ ಹುಬ್ಬಳ್ಳಿಗೆ ಹೋಗಿ ಬನ್ನಿ ಎಂದರು. ಶಂಕ್ರಪ್ಪನದನ್ನು ಒಗೆದ ಹಾಗೆ ನನ್ನದನ್ನೇಕೆ ಒಗೆಯಲಿಲ್ಲ? ಏನೋ ಮುಚ್ಚಿಡುತ್ತಿದ್ದಾರೆ. ಮನೆಗೆ ಬರುವಾಗ ಎರಡು ಕಡೆ ನಿಂತೆ. ಎಡಭುಜ ಜಡ ಅನ್ನಿಸಿತು. ಬಲಭುಜವನ್ನೂ ಎತ್ತಿ ನೋಡಿದೆ, ಅದೂ ಜಡವೇ.

ಮಲ್ಲಕ್ಕ ಬಟ್ಟೆ ಮಡಚುತ್ತ, “ಮಶೀನ ಕೆಟ್ಟೈತಿ ಅಂತ ಊರಿಗೆಲ್ಲಾ ಹೇಳಿದವರು ನೀವ. ಈಗ ಅದು ಹೇಳಿದ್ದಕ್ಕ ಅಂಜಾಕ ಹತ್ತೀರಿ,” ಎಂದಳು. ಚೀಲಕ್ಕೆ ತುಂಬಿದ ಬಟ್ಟೆಯನ್ನು ತೆಗೆದು ಮತ್ತೆ ಮಡಚಿ ತುಂಬಿದಳು.

೨೫ ಜುಲೈ, ಸೋಮವಾರ

ಹುಬ್ಬಳ್ಳಿ. ಬೆಳಗಿನ ರೈಲಿಗೆ ಹೋದೆ. ಚಿತ್ರ ತೆಗೆಯುವ ಕೋಣೆಯಲ್ಲಿ ಜುಲೇಖಾಬಿ ಎಂಬ ಹಿರಿಯ ಹೆಂಗಸು. ನಾನು ಕಲಿಯಲು ಹೋದಾಗ ಆಕೆ ಇರಲಿಲ್ಲ. ಮಲಗಿದೆ. ಬಟ್ಟಲು ಕೈಯಲ್ಲಿ ಹಿಡಿದು ನಿಂತಳೇ ಹೊರತು ಇಡಲಿಲ್ಲ.

“ಯಜಮಾನ್ರ, ಅದನ್ನ ಸ್ವಲ್ಪ ಕೊರಳ ಕಡೆ ಸರಸ್ರಿ.”

ಅದನ್ನು ಪರರು ಮುಟ್ಟುವಂತಿಲ್ಲ ಎಂದೆ.

“ನಾ ಎಲ್ಲಿ ಮುಟ್ಟತೀನಂದೆ? ನಿಮ್ಮ ದೇವರು, ನಿಮ್ಮ ಕೈ. ನೀವ ಸರಸ್ರಿ. ದಿನಾ ಹತ್ತ ಮಂದಿ ಸರಸ್ತಾರ, ದೇವರೇನ ಸಿಟ್ಟಾಗಿಲ್ಲ.”

ಸರಿಸಿದೆ. ಗಂಟಲಿನ ಕುಳಿಯಲ್ಲಿ ಬಂದು ನಿಂತಿತು. ಲಿಂಗ ಇದ್ದ ಜಾಗ ಬೆಚ್ಚಗಿತ್ತು. ಅಲ್ಲಿಯೇ, ಆ ಬೆಚ್ಚಗಿನ ಜಾಗದಲ್ಲಿಯೇ ಆಕೆ ತಣ್ಣಗಿನ ಬಟ್ಟಲನ್ನು ಇಟ್ಟಳು.

ಚಿತ್ರ ಸರಿಯಾಗಿ ಬಂತು. ನನ್ನ ಗುಂಡಿಗೆಗೆ ಏನೂ ಆಗಿಲ್ಲ.

ಎರಡು ಬೆರಳು ಮೇಲೆ ಇಟ್ಟರೆ ಏನಾಗುತ್ತದೆ ಎಂದು ಕೇಳಿದೆ. ಒಳ್ಳೆಯ ಎದೆಯೂ ಪೆಟ್ಟು ತಿಂದಂತೆ ಕಾಣುತ್ತದೆ, ಹೊಸಬರು ಮಾಡುವ ತಪ್ಪು ಎಂದಳು. ಯಾಕ್ರಿ, ಯಾರಾರ ಹಂಗ ಇಟ್ಟಿದ್ರೇನು, ಎಂದು ಕೇಳಿದಳು.

ಇಲ್ಲ ಎಂದೆ.

೨೬ ಜುಲೈ, ಮಂಗಳವಾರ

ರಜಿಸ್ಟರ್ ತೆಗೆದು ಹೆಸರುಗಳನ್ನು ಎರಡು ಸಾಲು ಮಾಡಿದೆ. ಚಿತ್ರ ನಿಜ ಬಂದವರು: ಅಬ್ದುಲ್‌ಸಾಬ, ಫಾತಿಮಾಬಿ, ಹನಮಪ್ಪ. ಸುಳ್ಳು ಬಂದವರು: ಈರಸಂಗಪ್ಪ, ರೇವವ್ವ, ನಾನು. ಶಂಕ್ರಪ್ಪನದೂ ಅದೇ ಗೆರೆ, ಆತನ ಜಡ್ಡು ಮಾತ್ರ ನಿಜ. ಆದರೆ ಅದೇ ಸುಳ್ಳನ್ನು ಎರಡು ಸಲ ನೋಡಿದ್ದ ಡಾಕ್ಟರಿಗೆ ಆ ನಿಜ ಕಾಣಲಿಲ್ಲ. ಎರಡನೆಯ ಸಾಲಿನವರ ಕೊರಳಲ್ಲೆಲ್ಲ ಲಿಂಗವಿದೆ. ಮೊದಲ ಸಾಲಿನವರ ಕೊರಳಲ್ಲಿ ಇಲ್ಲ.

ತಾಯವ್ವನನ್ನು ಕರೆದು, ರೇವವ್ವನಿಗೆ ಬಟ್ಟಲನ್ನು ಎಲ್ಲಿ ಇಟ್ಟೆ ಎಂದು ಕೇಳಿದೆ. ಅವಳದಾದರೂ ಬೇರೆ ತಪ್ಪು ಇರಬಹುದೆಂಬ ಆಸೆ ನನಗಿತ್ತು. ಇಲ್ಲಿ ಸುಳ್ಳು ಬರೆಯುವುದಿಲ್ಲ.

“ನೀವು ಎಲ್ಲಿ ಇಡತಿದ್ರಿ, ಅಲ್ಲೆ ಇಟ್ಟೇನ್ರಿ ಅಣ್ಣಾರ. ಎರಡ ಬಟ್ಟ ಮ್ಯಾಲೆ.”

ಅದು ಸರಿಯಾದ ಜಾಗವಲ್ಲವೆಂದು ಗೊತ್ತಿತ್ತೇ ಎಂದೆ.

“ಗೊತ್ತಿತ್ತರಿ. ಎಲುಬು ಎಣಸಾಕ ನೀವ ಕಲಿಸಿದ್ರಿ. ಆದ್ರ ಲಿಂಗಾ ಸರಸ್ರಿ ಅಂತ ಕೆಳಗಿನ ಕೇರಿಯಾಕಿ ನಾ ರೇವವ್ವಗೌಡ್ತಿಗೆ ಹೇಳಿದ್ರ ಏನ ಆಗತಿತ್ತು, ನಿಮಗೇನ ಗೊತ್ತಿಲ್ಲೇನು? ನೀವು ಹೇಳಬಹುದಿತ್ತು. ನೀವು ಅವರವರ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಉತ್ತರ ಕೊಡುತ್ತಿದ್ದೆ.

೨೭ ಜುಲೈ

ಇದು ಗೊತ್ತಿರುವುದು ನನಗೊಬ್ಬನಿಗೆ. ತಾಯವ್ವನಿಗೆ ಅರ್ಧ ಗೊತ್ತು. ಅವಳು ಹೇಳುವುದಿಲ್ಲ.

೨೮ ಜುಲೈ

ಸಭೆಗೆ ಮೂರು ದಿನ. ನಾನೇನು ಮಾಡುತ್ತೇನೆ ಎಂದು ನನ್ನನ್ನೇ ನೋಡುತ್ತಿದ್ದೇನೆ. ಈ ಮನುಷ್ಯನ ಮೇಲೆ ನನಗೆ ನಂಬಿಕೆಯಿಲ್ಲ.

೨೯ ಜುಲೈ, ಶುಕ್ರವಾರ

ಅಬ್ದುಲ್‌ಸಾಬರು ಔಷಧದ ಕಿಟಕಿಗೆ ಬಂದು ಹಳೆಯ ಲಕೋಟೆಯೊಂದನ್ನು ಒಳಗೆ ಚಾಚಿದರು. ಒಳಗೆ ಕಾಗದದ ಚೂರುಗಳು, ಹದಿನೆಂಟು. ಪ್ರತಿಯೊಂದರ ಮೇಲೂ ಒಂದೇ ಮೆಟ್ಟಿಲು. ಹಿಂದೆ ಪೆನ್ಸಿಲ್ಲಿನಲ್ಲಿ ತಾರೀಖು, ಊರು. “ಕುಬಿಹಾಳ, ಹೋಗೂಮುಂದ. ಕುಬಿಹಾಳ, ಬರೂಮುಂದ.” ಮೊದಲನೆಯದು ಜೂನ್ ಇಪ್ಪತ್ತೆರಡರದು, ಈರಸಂಗಪ್ಪನವರು ವಾಪಸು ಬಂದ ಮರುದಿನ. ಎಲ್ಲ ಮೆಟ್ಟಿಲುಗಳನ್ನೂ ಎಣಿಸಿದೆ. ಹತ್ತು ಮನೆ, ಹದಿನೆಂಟು ಸಲ. ಚೂರುಗಳನ್ನು ಸಾಲಾಗಿ ಇಟ್ಟು ಅಳೆದೆ: ಸುಮಾರು ಮೂರು ಮೊಳ.

“ನನ್ನ ಗಾಡ್ಯಾಗ ಕುಲುಕೇ ಕೆಟ್ಟಿರಬೇಕು ಅಂತ ನನಗೂ ಸಂಶೆ ಬಂದಿತ್ತರಿ,” ಎಂದರು. “ಅದಕ್ಕ ದಿನಾ ನೋಡತಿದ್ದೆ. ಇವು ದವಾಖಾನಿ ಹಾಳಿ, ನನ್ನ ಹತ್ರ ಯಾಕ. ಸಭಾದಾಗ ಏನ ಆಗತೈತೋ, ಮೊದಲ ಕೊಟ್ಟಬಿಡೂಣು ಅಂತ ಬಂದೆ.”

ಇದನ್ನು ಮೊದಲೇ ಏಕೆ ತೋರಿಸಲಿಲ್ಲ ಎಂದು ಕೇಳಿದೆ.

“ನೀವು ನಂಬೂ ಮಾರಿ ಮಾಡಿರಲಿಲ್ಲ ಕಂಪೌಂಡರ್ರ,” ಎಂದರು. ಹುಬ್ಬಿನ ಗಾಯದ ಹಕ್ಕಳೆ ಇನ್ನೂ ಉದುರಿರಲಿಲ್ಲ.

೩೧ ಜುಲೈ, ರವಿವಾರ

ಹೇಳಿದೆ.

ಮೊದಲು ಪತ್ರವನ್ನು ವಾಪಸು ಕೇಳಿದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಚೇರಮನ್ನರು ಎಪ್ಪತ್ತು ದಾಟಿದವರು, ಮುಂಜಾನೆ ಪೂಜೆಯಾಗದೆ ನೀರು ಮುಟ್ಟದವರು. ಅವರ ಮುಖ ಕಪ್ಪಿಟ್ಟಿತು.

“ಅಂದ್ರ ಏನ ಹೇಳತೀರಿ ಶಂಭುಲಿಂಗಪ್ಪ? ಲಿಂಗ ಹಾಕ್ಕೊಂಡಿದ್ದಕ್ಕ ಶಂಕ್ರಪ್ಪ ಸತ್ತಾನು?”

“ಅಲ್ಲರಿ. ನನ್ನ ಕೈ ತಪ್ಪಿದ್ದಕ್ಕ.”

ಅವರು ನಂಬಲಿಲ್ಲ. ಡ್ರೈವರನನ್ನು ಉಳಿಸಲು ಕಥೆ ಕಟ್ಟುತ್ತೀರಿ ಎಂದರು. ಆತನನ್ನು ಕಳೆಯಲು ಪತ್ರ ಬರೆದವನು ನಾನು. ಈಗ ಉಳಿಸಲು ಹೊರಟಿದ್ದೇನೆಂದು ನನ್ನ ಮೇಲೆಯೇ ಸಂಶಯ. ಸಂಶಯದ ಮುಖ ಎದುರಿನಿಂದ ಹೇಗೆ ಕಾಣುತ್ತದೆಂದು ನೋಡಿದೆ.

ಅಂಗಿ ಬಿಚ್ಚಿ ಸಭೆಯ ಮೇಜಿನ ಮೇಲೆಯೇ ಮಲಗಿದೆ. ಬಾಗಿಲಲ್ಲಿ ನಿಂತಿದ್ದ ಅಬ್ದುಲ್‌ಸಾಬರನ್ನು ಒಳಗೆ ಕರೆಸಿ, ಎರಡೂ ಕೀಲಿಕೈ ಕೊಟ್ಟು, ಯಂತ್ರ ನಡೆಸಲು ಹೇಳಿದೆ. ತಾಯವ್ವ ಬಟ್ಟಲು ಹಿಡಿದರು. ಮೊದಲು ಎರಡು ಬೆರಳು ಮೇಲೆ ಇಟ್ಟು ಒಂದು ಚಿತ್ರ. ಆಮೇಲೆ ಎಲ್ಲರೂ ನೋಡುತ್ತಿರುವಾಗ ನನ್ನ ಲಿಂಗವನ್ನು ನಾನೇ ಕೊರಳಿನ ಕಡೆಗೆ ಸರಿಸಿಕೊಂಡೆ. ಸರಿಯಾದ ಜಾಗದಲ್ಲಿ ಇನ್ನೊಂದು ಚಿತ್ರ. ಡಾಕ್ಟರು ಎರಡನ್ನೂ ಚೇರಮನ್ನರ ಮುಂದೆ ಹಿಡಿದರು. ಓದಲು ಬಾರದವರಿಗೂ ಬೇರೆಯೆಂದು ತಿಳಿಯುವಷ್ಟು ಬೇರೆ ಇದ್ದವು. ಚೇರಮನ್ನರು ಬಹಳ ಹೊತ್ತು ನೋಡಿದರು. ನೋಡುತ್ತ ಅವರ ಕೈ ತಮ್ಮ ಅಂಗಿಯ ಮೇಲೆ, ಎದೆಯ ನಡುವೆ ಹೋಗಿ ನಿಂತಿತು.

ಯಂತ್ರದ ದೋಷವಿಲ್ಲ, ಡ್ರೈವರನ ದೋಷವಿಲ್ಲ, ಕೆಲಸದಲ್ಲಿ ಮುಂದುವರಿಸುವುದು ಎಂದು ಬರೆದರು. ದೋಷ ಯಾರದೆಂಬ ಸಾಲನ್ನು ಬರೆಯಲಿಲ್ಲ. ಬರೆಯಿರಿ ಎಂದೆ. ಬೇಡ ಎಂದರು. ಶಂಕ್ರಪ್ಪನ ಮನೆಯವರಿಗೂ ಹೇಳುವುದು ಬೇಡ, ಸತ್ತವನು ಬರುವುದಿಲ್ಲ ಎಂದರು.

ಬರೆಯದಿದ್ದರೆ ಕುಬಿಹಾಳದಲ್ಲಿ ಅಬ್ದುಲ್‌ಸಾಬರೇ ಕೊಂದವರಾಗಿ ಉಳಿಯುತ್ತಾರೆ.

೭ ಆಗಸ್ಟ್, ರವಿವಾರ

ಕುಬಿಹಾಳಕ್ಕೆ ಹೋದೆ. ಬಸ್ಸಿಗೆ ಹೋಗುವವನಿದ್ದೆ, ಅಬ್ದುಲ್‌ಸಾಬರು ಜೀಪು ತಂದು ನಿಲ್ಲಿಸಿದರು. ಹೊಸ ಗಾಜು ಹಾಕಿಸಿದ್ದಾರೆ. ಯಂತ್ರ ಕೌದಿಯಲ್ಲಿ, ಎಂದಿನ ಜಾಗದಲ್ಲಿ. ಊರು ಹತ್ತಿರ ಬಂದಾಗ, ನಾ ಇಲ್ಲೇ ಹೊರಗ ನಿಂದರತೀನ್ರಿ ಎಂದರು. ಮನೆಯ ಮುಂದೆಯೇ ನಿಲ್ಲಿಸಿ ಎಂದೆ.

ಶಂಕ್ರಪ್ಪನ ಹೆಂಡತಿ ಬಸವಣ್ಣೆವ್ವ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ಆಕೆಯ ತಾಯಿ ಬಾಜು ಕೂತು ಕಾಳು ಹಸನು ಮಾಡುತ್ತಿದ್ದರು. ಅತ್ತಿ ಬರಲಿ ಎಂದಿದ್ದನಲ್ಲ, ಬಂದಿದ್ದರು. ನೆರೆಯವರು ನಾಲ್ಕೈದು ಜನ ಸೇರಿದರು. ಅವರೂ ಕೇಳಲಿ ಎಂದು ನಿಂತುಕೊಂಡೇ ಹೇಳಿದೆ. ಯಂತ್ರ ಕೆಟ್ಟಿರಲಿಲ್ಲ. ಅಬ್ದುಲ್‌ಸಾಬರು ಅದನ್ನು ಕೂಸಿನಂತೆ ನೋಡಿಕೊಂಡಿದ್ದರು. ಬಟ್ಟಲನ್ನು ತಪ್ಪು ಜಾಗದಲ್ಲಿ ಇಟ್ಟವನು ನಾನು. ಮೊದಲಿನವರಿಗೆ ತಪ್ಪಾಗಿ ಇಟ್ಟದ್ದರಿಂದ ಕೊನೆಯವನದನ್ನು ಯಾರೂ ನಂಬಲಿಲ್ಲ. ಲಿಂಗಕ್ಕೆ ತಾಗಬಾರದೆಂದು ಹಾಗೆ ಮಾಡಿದೆ.

ಬೈಯುತ್ತಾರೆಂದು ತಯಾರಾಗಿದ್ದೆ. ಬಸವಣ್ಣೆವ್ವ ಜೀಪಿನ ಕಡೆ ನೋಡಿದರು. ಒಳಗಿನವರಿಗೆ, “ಡ್ರೈವರಣ್ಣ ಬಿಸಲಾಗ ಅದಾನ, ಒಳಗ ಕರೀರಿ. ಚಾ ಮಾಡ್ರಿ,” ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

“ದಿನಾ ಮಲಗೂಮುಂದ ಅವರು ಅದನ್ನ ತಾವ ಕೊರಳ ಕಡೆ ಸರಸಕೊಂಡ ಮಲಗತಿದ್ರು. ಮಗ್ಗಲಾದ್ರ ಒತ್ತತೈತಿ ಅಂತ. ಒಂದ ಮಾತ ಕೇಳಿದ್ರ ಸರಸತಿದ್ರು. ಕೇಳಬೇಕಿತ್ತು ನೀವು.”

ಚಹಾ ಕುಡಿದು ಬಂದೆವು.

ಮನೆಗೆ ಬಂದಾಗ ಮೂರು ಗಂಟೆ. ಊಟ ಬೇಡವಾಗಿ ಸ್ವಲ್ಪ ಹೊತ್ತು ಒರಗಿದೆ. ಮಗ್ಗಲಾಗುವಾಗ ನೋಡಿದೆ: ನಾನು ಹೇಳುವ ಮೊದಲೇ ನನ್ನ ಕೈ ಮೇಲೆದ್ದು ಲಿಂಗವನ್ನು ಕೊರಳಿನ ಕಡೆಗೆ ಸರಿಸಿತು. ದಿನವೂ ಸರಿಸುತ್ತಿರಬೇಕು. ಯಾವಾಗಿನಿಂದ ಎಂದು ಮಲ್ಲಕ್ಕನನ್ನು ಕೇಳಿದೆ.

ಮದುವೆಯಾದಾಗಿನಿಂದ ನೋಡುತ್ತಿದ್ದೇನೆ ಎಂದಳು.